ಮಂಗಳವಾರ ಬಿಟ್ಟು ಮಿಕ್ಕ ದಿನಗಳು

ನಮ್ಮ ಉಪಕೇಂದ್ರದಲ್ಲಿ ರಿಜಿಸ್ಟರ್‌ಗಳಿಗೆ ಬರವಿಲ್ಲ. ಗರ್ಭಿಣಿಯರದ್ದು ಒಂದು, ಲಸಿಕೆಯದ್ದು ಒಂದು, ಕ್ಷಯದ್ದು ಒಂದು, ಬಿಪಿ ಶುಗರಿನದ್ದು ಇನ್ನೊಂದು. ಬರೆದಿದ್ದನ್ನೇ ಮತ್ತೆ ಟ್ಯಾಬ್‌ನಲ್ಲಿ ತುಂಬಬೇಕು. ಇಷ್ಟೊಂದು ಕಾಲಂಗಳಲ್ಲಿ ನೋವಿನ ಮಾತ್ರೆಯ ಚಟಕ್ಕೆ ಬಿದ್ದ ಹುಡುಗನನ್ನು ಬರೆಯಲು ಒಂದು ಕಾಲಂ ಇಲ್ಲ. ಅವನು ಬೇರೆ ಬೇರೆ ಪುಟಗಳಲ್ಲಿ ಚೂರುಚೂರಾಗಿ ಸಿಗುತ್ತಾನೆ. ಒಂದು ತಿಂಗಳು 'ಬೆನ್ನು ನೋವು', ಇನ್ನೊಂದು ತಿಂಗಳು 'ಭೇದಿ', ಮತ್ತೊಮ್ಮೆ 'ತೋಳಿನಲ್ಲಿ ಕೀವು, ಡ್ರೆಸಿಂಗ್ ಮಾಡಲಾಯಿತು'. ಮೂರನ್ನೂ ಸೇರಿಸಿ ಓದಿದರೆ ಮಾತ್ರ ಕಥೆ ಗೊತ್ತಾಗುತ್ತದೆ.

ನಾನು ಸಮುದಾಯ ಆರೋಗ್ಯ ಅಧಿಕಾರಿ. 2018ರಲ್ಲಿ ಆಯುಷ್ಮಾನ್ ಭಾರತ್ ಶುರುವಾದ ಮೇಲೆ ಉಪಕೇಂದ್ರಗಳಿಗೆ ಬಂದ ಹೊಸ ಹುದ್ದೆ ಇದು. ನರ್ಸಿಂಗ್ ಓದಿ, ಕೋಲಾರದಿಂದ ಮುಳಬಾಗಿಲಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಬೋರ್ಡಿನಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಅಂತಿದೆ. ಊರಿನವರಿಗೆ ಅದು ನರ್ಸಮ್ಮನ ಆಸ್ಪತ್ರೆ, ನಾನು ಸಿಸ್ಟರ್. ಮುಂದೆ ಬರುವ ಜನರ ಗುರುತು ಸಿಗದ ಹಾಗೆ ಊರು, ವಯಸ್ಸು, ಕೆಲಸ ಎಲ್ಲವನ್ನೂ ಸ್ವಲ್ಪ ಬದಲಿಸಿದ್ದೇನೆ. ಹಳ್ಳಿಯಲ್ಲಿ ಹೆಸರು ಬಿಟ್ಟರೆ ಸಾಲದು, ಹಸುವಿನ ಬಣ್ಣ ಹೇಳಿದರೂ ಮನೆ ಗೊತ್ತಾಗುತ್ತದೆ.

ಡ್ರಗ್ಸ್ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಗಾಂಜಾ. ಪೇಪರಿನಲ್ಲಿ ಬರುವ ಫೋಟೋದಲ್ಲೂ ಗಾಂಜಾ ಮೂಟೆ, ಹಿಂದೆ ನಿಂತ ಪೊಲೀಸರು. ಜೂನ್ 26ರಂದು ಶಾಲೆ ಮಕ್ಕಳ ಜಾಥಾ ನಡೆಯುತ್ತದೆ. ಫಲಕಗಳ ಮೇಲೆ ತಲೆಬುರುಡೆ, ಸಿರಿಂಜು. ನಾವೂ ಜೊತೆಗೆ ನಡೆಯುತ್ತೇವೆ, ಫೋಟೋ ತೆಗೆದು ಗ್ರೂಪಿಗೆ ಹಾಕುತ್ತೇವೆ. ಆದರೆ ಕೆರೆ ಕಟ್ಟೆಯ ಹಿಂದೆ, ಪಾಳುಬಿದ್ದ ಪಂಪ್‌ಹೌಸಿನಲ್ಲಿ ನಮ್ಮ ಆಶಾ ಕಾರ್ಯಕರ್ತೆಯರ ಕಾಲಿಗೆ ಸಿಗುವುದು ಖಾಲಿ ಮಾತ್ರೆ ಸ್ಟ್ರಿಪ್‌ಗಳು. ಅದರ ಮೇಲೆ ಬ್ಯಾಚ್ ನಂಬರು, ಎಂಆರ್‌ಪಿ ಎಲ್ಲ ಇರುತ್ತದೆ. ಲೈಸೆನ್ಸ್ ಇರುವ ಕಾರ್ಖಾನೆಯಲ್ಲಿ ತಯಾರಾದ ಮಾಲು.

ಹೆಚ್ಚಾಗಿ ಟಪೆಂಟಡಾಲ್. ಆಪರೇಷನ್ ಆದ ಮೇಲಿನ ನೋವಿಗೆ, ಜೋರಾದ ಬೆನ್ನು ನೋವಿಗೆ ಡಾಕ್ಟರು ಬರೆದುಕೊಡುವ ಮಾತ್ರೆ ಅದು. ಫ್ಯಾಕ್ಟರಿಯಲ್ಲಿ ಹುಟ್ಟಿದ್ದಾದರೂ ಕೆಲಸದಲ್ಲಿ ಅಫೀಮಿನ ಬಂಧು. ಮಿದುಳಿನಲ್ಲಿ ಅಫೀಮು ಹೋಗಿ ಕೂರುವ ಜಾಗದಲ್ಲೇ ಇದೂ ಕೂರುತ್ತದೆ. ಈ ಇಡೀ ಗುಂಪಿಗೆ ಒಪಿಯಾಯ್ಡ್ ಎನ್ನುತ್ತಾರೆ. ಹೆರಾಯಿನ್, ಮಾರ್ಫಿನ್, ಕೆಮ್ಮಿನ ಸಿರಪ್ಪಿನಲ್ಲಿರುವ ಕೊಡೀನ್, ಟ್ರಾಮಡಾಲ್ ಎಲ್ಲವೂ ಇದರಲ್ಲೇ ಬರುತ್ತವೆ.

ದೇಶದ ಲೆಕ್ಕ ಸಿಗುವುದು 2019ರಲ್ಲಿ ಬಂದ ವರದಿಯಿಂದ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆ. 10ರಿಂದ 75 ವರ್ಷದವರಲ್ಲಿ ನೂರಕ್ಕೆ 2.1 ಜನ, ಅಂದರೆ 2 ಕೋಟಿಗೂ ಜಾಸ್ತಿ ಮಂದಿ ಯಾವುದಾದರೂ ಒಪಿಯಾಯ್ಡ್ ಬಳಸುತ್ತಾರೆ. ಅವರಲ್ಲಿ ಸುಮಾರು 77 ಲಕ್ಷ ಜನರಿಗೆ ಚಿಕಿತ್ಸೆಯ ನೆರವು ಬೇಕು. ನನ್ನ ಗಮನ ಸೆಳೆದಿದ್ದು ಇನ್ನೊಂದು ಸಂಖ್ಯೆ. ಹೆರಾಯಿನ್ ಬಳಸುವವರು 1.14 ಶೇಕಡಾ. ಔಷಧಿ ಅಂಗಡಿಯ ಒಪಿಯಾಯ್ಡ್ ಬಳಸುವವರು 0.96. ಹೆಚ್ಚು ಕಡಿಮೆ ಸಮಸಮ. ಹೆರಾಯಿನ್ ಬಗ್ಗೆ ಸಿನಿಮಾ ಬಂತು, ಭಾಷಣ ಬಂತು. ಮೆಡಿಕಲ್ ಶಾಪಿನ ಸ್ಟ್ರಿಪ್ಪಿನ ಬಗ್ಗೆ ಯಾರೂ ಜಾಥಾ ಮಾಡಲಿಲ್ಲ.

ಕೋಲಾರದಲ್ಲಿ ಇದು ಮನೆಗೆ ಹೇಗೆ ಬರುತ್ತದೆ? ಕೇಳಿದವರೆಲ್ಲ 'ಕೆಟ್ಟ ಸಹವಾಸ' ಎನ್ನುತ್ತಾರೆ. ಸಹವಾಸ ಇದ್ದೇ ಇದೆ. ಆದರೆ ನಾನು ಮಾತಾಡಿಸಿದ ಎಷ್ಟೋ ಹುಡುಗರು ಮೊದಲ ಮಾತ್ರೆ ನುಂಗಿದ್ದು ನಶೆಗಲ್ಲ. ಟೊಮೆಟೊ ಸೀಸನ್‌ನಲ್ಲಿ ನಮ್ಮ ಎಪಿಎಂಸಿ ಯಾರ್ಡು ನೋಡಿದವರಿಗೆ ಹೇಳಬೇಕಾಗಿಲ್ಲ. ಬೆಳಗಿನ ಹರಾಜು ಮುಗಿದ ಮೇಲೆ ಲಾರಿ ತುಂಬುವ ಕೆಲಸ. ಒಂದು ಬಾಕ್ಸು 15 ಕೆಜಿ. ಆ ಬಾಕ್ಸುಗಳನ್ನು ಒಂದರ ಮೇಲೊಂದು ಎತ್ತಿ ಎತ್ತಿ ರಾತ್ರಿಯಾಗುತ್ತದೆ. ದೆಹಲಿಗೋ ಕೋಲ್ಕತ್ತಕ್ಕೋ ಹೋಗುವ ಲಾರಿ ಕಾಯುವುದಿಲ್ಲ. ಬೆಳಿಗ್ಗೆ ಏಳಲು ಆಗುವುದಿಲ್ಲ, ಎದ್ದೇಳದಿದ್ದರೆ ಕೂಲಿ ಇಲ್ಲ. 'ಇದು ಒಂದು ಹಾಕ್ಕೋ ಮಗಾ, ಸರಿಹೋಗುತ್ತೆ' ಅಂತ ಪಕ್ಕದವನು ಕೊಡುತ್ತಾನೆ. ನಿಜವಾಗಿಯೂ ಸರಿಹೋಗುತ್ತದೆ. ನೋವು ಹೋಗುತ್ತದೆ, ಮೈ ಹಗುರ, ಮನಸ್ಸಿಗೆ ಒಂಥರಾ ನೆಮ್ಮದಿ. ಆ ನೆಮ್ಮದಿ ಮುಂಚೆ ಎಂದೂ ಕಾಣದವನಿಗೆ ಅದು ಎಷ್ಟು ದೊಡ್ಡದು ಅಂತ ನಾವು ಭಾಷಣ ಮಾಡುವವರು ಯೋಚಿಸುವುದಿಲ್ಲ.

ಕೆಲವು ವಾರಗಳಲ್ಲಿ ಒಂದು ಮಾತ್ರೆ ಸಾಕಾಗುವುದಿಲ್ಲ. ಎರಡು, ನಾಲ್ಕು. ಆಮೇಲೆ ಪುಡಿ ಮಾಡಿ ನೀರಲ್ಲಿ ಕಲಸಿ ಸೂಜಿ. ನುಂಗಲು ಮಾಡಿದ ಮಾತ್ರೆಯಲ್ಲಿ ಔಷಧಿ ಮಾತ್ರ ಇರುವುದಿಲ್ಲ. ಅದನ್ನು ಗಟ್ಟಿಯಾಗಿ ಹಿಡಿದಿಡಲು ಹಿಟ್ಟಿನಂಥ, ಟಾಲ್ಕಿನಂಥ ಪುಡಿಗಳೂ ಇರುತ್ತವೆ. ಅವು ರಕ್ತದಲ್ಲಿ ಕರಗುವುದಿಲ್ಲ. ನರದಲ್ಲಿ ಸಿಕ್ಕಿಕೊಂಡು ಊದಿಕೊಳ್ಳುತ್ತದೆ, ಕೀವಾಗುತ್ತದೆ, ಕೆಲವೊಮ್ಮೆ ಬೆರಳು ಕಪ್ಪಾಗುವ ತನಕ ಹೋಗುತ್ತದೆ. ಸಿರಿಂಜು ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ. ನಮ್ಮ ರಿಜಿಸ್ಟರಿನ 'ತೋಳಿನಲ್ಲಿ ಕೀವು' ಇದೇ.

ಇದನ್ನು ಮೊದಲು ಪತ್ತೆ ಮಾಡುವುದು ಡಾಕ್ಟರಲ್ಲ, ಪೊಲೀಸರೂ ಅಲ್ಲ, ನಾನೂ ಅಲ್ಲ. ಆಶಾ. ನಮ್ಮ ಆಶಮ್ಮ ಮನೆ ಮನೆಗೆ ಹೋಗುವವರು. ಯಾವ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇದ್ದಕ್ಕಿದ್ದಂತೆ ಮಾಯವಾಯಿತು, ಯಾವ ತಾಯಿ ಸಂಘದ ಸಾಲದ ಕಂತು ಕಟ್ಟದೆ ತಪ್ಪಿಸಿಕೊಂಡು ಓಡಾಡುತ್ತಿದ್ದಾರೆ, ಯಾವ ಹುಡುಗ ಮೇ ತಿಂಗಳ ಬಿಸಿಲಲ್ಲಿ ತುಂಬು ತೋಳಿನ ಶರ್ಟು ಹಾಕಿದ್ದಾನೆ ಅನ್ನುವುದು ಅವರಿಗೆ ಗೊತ್ತು. ಅವರಿಗೆ ಯಾರೂ ಇದನ್ನು ಕಲಿಸಿಲ್ಲ. ಒಮ್ಮೆ ಬಂದು ಹೇಳಿದರು, 'ಸಿಸ್ಟರ್, ಆ ಮೂಲೆ ಮನೆಯಮ್ಮ ಬಿಪಿ ಮಾತ್ರೆಗೆ ಬರ್ತಿಲ್ಲ ನೋಡಿ. ಮಗ ಏನೋ ಮಾಡ್ಕೊಂಡಿದ್ದಾನೆ.' ತಾಯಿಯ ಬಿಪಿಗೂ ಮಗನಿಗೂ ಏನು ಸಂಬಂಧ ಅಂತ ಕೇಳಿದೆ. 'ಆಯಮ್ಮ ಮನೆ ಬಿಟ್ಟು ಹೊರಗೆ ಬಂದರೆ ಅವನು ಏನಾದರೂ ಹೊತ್ತುಕೊಂಡು ಹೋಗ್ತಾನೆ ಅಂತ ಕಾಯ್ತಾ ಕೂತಿದ್ದಾಳೆ' ಎಂದರು. ಇಂಥ ರೋಗಪತ್ತೆ ಯಾವ ಸ್ಕ್ರೀನಿಂಗ್ ಫಾರಂನಲ್ಲಿ ಬರುತ್ತದೆ ಹೇಳಿ. ಈ ಕೆಲಸಕ್ಕೆ ಆಶಾಗಳಿಗೆ ಕೊಡುವ ದುಡ್ಡು ಸೊನ್ನೆ. ಇನ್ನೊಂದು ಸರ್ವೆ ಅಂತ ಹೇರಿದರೆ ಅವರು ಬೀದಿಗಿಳಿದರೂ ತಪ್ಪಿಲ್ಲ.

ಆ ತಾಯಿಯ ಹತ್ತಿರ ಹೋದಾಗ ಮಗ ಕಂಬಳಿ ಹೊದ್ದು ನಡುಗುತ್ತಿದ್ದ. 'ಜ್ವರ ಸಿಸ್ಟರ್' ಎಂದರು. ಥರ್ಮಾಮೀಟರಿನಲ್ಲಿ ಜ್ವರ ಇರಲಿಲ್ಲ. ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರು, ಮೈಯೆಲ್ಲ ನವಿರೆದ್ದಿತ್ತು. ಮೇಲಿಂದ ಮೇಲೆ ಆಕಳಿಸುತ್ತಿದ್ದ. ಕಣ್ಣಿನ ಪಾಪೆ ದೊಡ್ಡದಾಗಿತ್ತು. ಬೆಳಿಗ್ಗೆಯಿಂದ ವಾಂತಿ, ಭೇದಿ. ಮಾತ್ರೆ ಸಿಗದೆ ಹೋದರೆ ಅರ್ಧ ದಿನದಿಂದ ಒಂದು ದಿನದೊಳಗೆ ಇದು ಶುರುವಾಗುತ್ತದೆ. ಎರಡನೇ ಮೂರನೇ ದಿನ ಜೋರಾಗಿ, ವಾರ ಹತ್ತು ದಿನದಲ್ಲಿ ಮೈಯ ಮಟ್ಟಿಗೆ ಇಳಿಯುತ್ತದೆ. ನಿದ್ದೆ ಮಾತ್ರ ಎಷ್ಟೋ ವಾರ ಬರುವುದಿಲ್ಲ. 'ಏಂ ಚೇಯಾಲಿ ಸಿಸ್ಟರ್', ಏನು ಮಾಡಲಿ ಅಂತ ತಾಯಿ ತೆಲುಗಿನಲ್ಲಿ ಕೇಳಿದರು. ಕಷ್ಟ ಬಂದಾಗ ನಮ್ಮ ಕಡೆಯವರಿಗೆ ತೆಲುಗೇ ಬಾಯಿಗೆ ಬರುವುದು.

ಅವರು ಅಷ್ಟರಲ್ಲೇ ಒಂದು ದಾರಿ ಹಿಡಿದು ನೋಡಿದ್ದರು. ಸಾಲ ಮಾಡಿ ಮಗನನ್ನು ಒಂದು ಖಾಸಗಿ ಸೆಂಟರಿಗೆ ಸೇರಿಸಿದ್ದರು. ಕುಡಿತ ಬಿಡಿಸುತ್ತೇವೆ, ಡ್ರಗ್ಸ್ ಬಿಡಿಸುತ್ತೇವೆ ಅಂತ ಗೋಡೆ ಮೇಲೆ ಬರೆಸುವವರು. ಫೋನ್ ಕಿತ್ತುಕೊಂಡು, ಬೀಗ ಹಾಕಿ, ತಿಂಗಳುಗಟ್ಟಲೆ ಇಟ್ಟುಕೊಂಡರು. ಬಂದಾಗ ಮೈ ತುಂಬಿಕೊಂಡಿದ್ದ, ಗಡ್ಡ ಬೋಳಿಸಿದ್ದ. ಊರಲ್ಲಿ ಎಲ್ಲರೂ ಖುಷಿಪಟ್ಟರು. ಹೊರಗೆ ಬಂದ ಮೇಲೆ ಏನು ಮಾಡಬೇಕು ಅಂತ ಒಂದು ಚೀಟಿ ಕೂಡ ಕೊಟ್ಟಿರಲಿಲ್ಲ. ಯಾರಿಗೂ ಹೇಳಿಯೂ ಇರಲಿಲ್ಲ. ತಿಂಗಳು ತುಂಬುವ ಮೊದಲೇ ಮತ್ತೆ ಶುರು.

ಇಲ್ಲೊಂದು ವಿಷಯ ನಿಧಾನಕ್ಕೆ ಹೇಳಬೇಕು. ಮತ್ತೆ ಶುರು ಮಾಡುವುದು ನಾಚಿಕೆಗೇಡು ಅಂತ ಊರು ತಿಳಿಯುತ್ತದೆ. ನಮಗೆ ಭಯ ಬೇರೆಯದು. ದಿನಾ ತೆಗೆದುಕೊಳ್ಳುವಾಗ ಮೈ ದೊಡ್ಡ ಡೋಸನ್ನು ತಡೆದುಕೊಳ್ಳಲು ಕಲಿತಿರುತ್ತದೆ. ಕೆಲವು ವಾರ ಬಿಟ್ಟರೆ ಆ ತಾಕತ್ತು ಹೋಗುತ್ತದೆ, ಆಸೆ ಹೋಗುವುದಿಲ್ಲ. ಹೊರಗೆ ಬಂದ ಹುಡುಗ ಹಳೆಯ ಲೆಕ್ಕದಲ್ಲೇ ಸೂಜಿ ಚುಚ್ಚಿಕೊಂಡರೆ ಉಸಿರಾಟ ನಿಧಾನವಾಗುತ್ತಾ ಹೋಗಿ ನಿಲ್ಲುತ್ತದೆ. ಒಪಿಯಾಯ್ಡ್ ಕೊಲ್ಲುವುದು ಹೀಗೆ. ಜೊತೆಗೆ ಕುಡಿದಿದ್ದರೆ, ನಿದ್ದೆ ಮಾತ್ರೆ ನುಂಗಿದ್ದರೆ ಇನ್ನೂ ಬೇಗ. ಜೈಲಿನಿಂದ ಬಂದವರಿಗೂ, ಬೀಗ ಹಾಕುವ ಸೆಂಟರಿನಿಂದ ಬಂದವರಿಗೂ ಮೊದಲ ಕೆಲವು ವಾರಗಳೇ ಅತಿ ಅಪಾಯ. ಹಾಗಾಗಿ ಮೈಯಿಂದ ನಶೆ ಇಳಿಸಿ ಮನೆಗೆ ಕಳಿಸಿಬಿಟ್ಟು ಕೈತೊಳೆದುಕೊಂಡರೆ ಅದು ಚಿಕಿತ್ಸೆಯೇ ಅಲ್ಲ. ಕೆಲವರಿಗೆ ಅದು ಏನೂ ಮಾಡದೆ ಇರುವುದಕ್ಕಿಂತ ಕೆಟ್ಟದ್ದು. ಈ ಮಾತನ್ನು ನಾನು ಹೇಳಿದಾಗ ಊರಿನ ಹಿರಿಯರು ಒಪ್ಪಲಿಲ್ಲ. ದುಡ್ಡು ಕೊಟ್ಟಿದ್ದೀವಲ್ಲಮ್ಮ ಎಂದರು.

ಹಾಗಾದರೆ ಚಿಕಿತ್ಸೆ ಯಾವುದು? ಬ್ಯುಪ್ರೆನಾರ್ಫಿನ್ ಅಂತ ಒಂದು ಔಷಧಿ ಇದೆ. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ಅದೂ ಒಪಿಯಾಯ್ಡೇ. ಆದರೆ ಅರ್ಧ ಕೆಲಸ ಮಾಡಿ ನಿಂತುಬಿಡುತ್ತದೆ. ಒಂದು ಮಟ್ಟ ದಾಟಿದ ಮೇಲೆ ಎಷ್ಟು ತೆಗೆದುಕೊಂಡರೂ ಪರಿಣಾಮ ಅಷ್ಟಾಗಿ ಏರುವುದಿಲ್ಲ. ಅದಕ್ಕೇ ಉಸಿರು ನಿಲ್ಲಿಸುವ ಅಪಾಯ ಕಡಿಮೆ. ನಡುಕ, ನೋವು, ಆಸೆ ತಣ್ಣಗಾಗುತ್ತದೆ, ಕೆಲಸಕ್ಕೆ ಹೋಗಬಹುದು. ಅದರ ಜೊತೆಗೆ ಒಪಿಯಾಯ್ಡಿನ ಕೆಲಸ ತಡೆಯುವ ನಾಲೊಕ್ಸೋನ್ ಅನ್ನುವ ಔಷಧಿ ಸ್ವಲ್ಪ ಸೇರಿಸಿರುತ್ತಾರೆ, ಕರಗಿಸಿ ಚುಚ್ಚಿಕೊಂಡರೆ ನಶೆ ಬರುವ ಬದಲು ಸಂಕಟ ಶುರುವಾಗಲಿ ಅಂತ. ಶುರು ಮಾಡುವುದಕ್ಕೂ ಒಂದು ಹದ ಇದೆ. ಹಳೆಯ ಮಾತ್ರೆಯ ಅಮಲು ಇಳಿದು ನಡುಕ ಹತ್ತಿದ ಮೇಲೆಯೇ ಕೊಡಬೇಕು. ಮೊದಲೇ ಕೊಟ್ಟರೆ ಇದು ಅದನ್ನು ಒದ್ದೋಡಿಸಿ, ಇರುವ ಸಂಕಟವನ್ನು ಜಾಸ್ತಿ ಮಾಡುತ್ತದೆ. 2005ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ, ಇದೇ ಚಿಕಿತ್ಸೆಗೆ ಬಳಸುವ ಮೆಥಡೋನ್ ಜೊತೆ ಇದನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಈ ಔಷಧಿಗಳ ಮೇಲೆ ಇರುವಷ್ಟು ದಿನ ಸಾವಿನ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಹಲವು ದೇಶಗಳಲ್ಲಿ ಕಂಡ ವಿಷಯ.

'ಒಂದು ಚಟ ಬಿಡಿಸಿ ಇನ್ನೊಂದು ಚಟ ಹಚ್ಚಿದ ಹಾಗಾಯ್ತಲ್ಲ.' ಇದನ್ನು ನನಗೆ ಊರಿನವರು ಹೇಳಿದ್ದಾರೆ, ಪೊಲೀಸರು ಹೇಳಿದ್ದಾರೆ, ನಮ್ಮವರೇ ಹೇಳಿದ್ದಾರೆ. ನಾನು ಅದಕ್ಕೆ ನನ್ನ ಬಿಪಿ ಶುಗರ್ ರಿಜಿಸ್ಟರ್ ತೋರಿಸುತ್ತೇನೆ. ಶುಗರಿನ ಮೆಟ್‌ಫಾರ್ಮಿನ್ ಮಾತ್ರೆಯನ್ನು ಹತ್ತು ವರ್ಷ ತಿಂದವರನ್ನು ಯಾರೂ ಚಟಕ್ಕೆ ಬಿದ್ದವರು ಎನ್ನುವುದಿಲ್ಲ. ಒಂದು ತಿಂಗಳು ಬರದಿದ್ದರೆ ಆಶಮ್ಮನನ್ನು ಕಳಿಸುತ್ತೇವೆ, ಬೈಯುತ್ತೇವೆ, ಮತ್ತೆ ಕೊಡುತ್ತೇವೆ. ಸಕ್ಕರೆ ಏರಿತು ಅಂತ ಯಾರನ್ನೂ ಆಸ್ಪತ್ರೆಯಿಂದ ಓಡಿಸುವುದಿಲ್ಲ. ಈ ಕೆಲಸದ ರೂಢಿ ನಮಗೆ ಆಗಲೇ ಇದೆ. ಬೇಕಾದದ್ದು ಒಂದು ಪುಟ ಅಷ್ಟೇ.

ತೊಡಕು ಬರುವುದು ದೂರದಲ್ಲಿ. ಈ ಮಾತ್ರೆಯನ್ನು ಬರೆಯುವ ಅಧಿಕಾರ ನನಗಿಲ್ಲ, ಇರಲೂ ಬಾರದು. ನಮ್ಮ ಉಪಕೇಂದ್ರಕ್ಕೆ ಅದು ಬರುವುದೂ ಇಲ್ಲ. ನಮ್ಮ ಹುಡುಗ ಕಡೆಗೆ ಹೋಗಿದ್ದು ಬೆಂಗಳೂರಿನ ನಿಮ್ಹಾನ್ಸ್‌ಗೆ, ಅಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಕೇಂದ್ರ ಇದೆ. ಕೋಲಾರದಿಂದ 70 ಕಿಲೋಮೀಟರಿನ ಆಸುಪಾಸು. ದೂರ ಅಂತಲ್ಲ, ನಮ್ಮ ಜಿಲ್ಲೆಯ ಅರ್ಧ ಜನ ದಿನಾ ಅಷ್ಟು ದೂರ ಹೋಗಿ ಬರುತ್ತಾರೆ. ಕೆಜಿಎಫ್ ಕಡೆಯವರನ್ನು ಕೇಳಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಹೊರಡುವ ರೈಲೇ ಆ ಊರಿಗೆ ಅನ್ನ. ಕತ್ತಲಲ್ಲಿ ಹತ್ತಿ ಕತ್ತಲಲ್ಲಿ ಇಳಿಯುತ್ತಾರೆ. ಆದರೆ ಕೆಲಸಕ್ಕೆ ಹೋಗುವುದು ಬೇರೆ, ಕೆಲಸ ಬಿಟ್ಟು ಓಪಿಡಿ ಚೀಟಿಗೆ ನಿಲ್ಲುವುದು ಬೇರೆ. ಒಂದು ದಿನದ ಕೂಲಿ ಹೋಯಿತು, ಬಸ್ಸು, ಊಟ, ಜೊತೆಗೆ ಹೋದ ತಾಯಿಯ ಕೂಲಿಯೂ ಹೋಯಿತು. ಎರಡು ಸಲ ಹೋಗುತ್ತಾರೆ. ಮೂರನೇ ಸಲ ಮೇಸ್ತ್ರಿ ರಜ ಕೊಡುವುದಿಲ್ಲ.

ಹತ್ತಿರದಲ್ಲಿ ಏನೂ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಕಾರ್ಯಕ್ರಮ ನಮ್ಮ ರಾಜ್ಯದ್ದು, ನನಗೆ ಅದರ ಮೇಲೆ ಅಭಿಮಾನ ಇದೆ. ಜಿಲ್ಲೆಗೊಂದು ಮಾನಸಿಕ ಆರೋಗ್ಯ ತಂಡ ಅನ್ನುವ ಕಲ್ಪನೆಯೇ ಎಂಬತ್ತರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ಪ್ರಯೋಗವಾಗಿ, ಆಮೇಲೆ 1996ರಲ್ಲಿ ದೇಶಕ್ಕೆ ಹೋಗಿದ್ದು. ಫೋನಿನಲ್ಲಿ ಟೆಲಿಮನಸ್ ಇದೆ, 14416ಕ್ಕೆ ಮಾಡಿದರೆ ಹಗಲು ರಾತ್ರಿ ಯಾರಾದರೂ ಕನ್ನಡದಲ್ಲಿ ಮಾತಾಡುತ್ತಾರೆ. ವ್ಯಸನದ್ದೇ ಬೇರೆ ಸಹಾಯವಾಣಿ 14446. ನಿಮ್ಹಾನ್ಸ್‌ನವರು ವಿಡಿಯೋ ಕರೆಯಲ್ಲಿ ಹಳ್ಳಿ ತಾಲೂಕಿನ ಡಾಕ್ಟರುಗಳಿಗೂ ನಮ್ಮಂಥವರಿಗೂ ವ್ಯಸನದ ಪಾಠ ಮಾಡುತ್ತಾರೆ. ಒಬ್ಬರು ತಮ್ಮ ಕೇಸು ಹೇಳುತ್ತಾರೆ, ಮಿಕ್ಕವರೆಲ್ಲ ಸೇರಿ ಚರ್ಚಿಸುತ್ತಾರೆ. ದೂರದ ಜಿಲ್ಲೆಯ ನರ್ಸ್ ಒಬ್ಬರು ನನ್ನದೇ ಸಮಸ್ಯೆ ಹೇಳುವುದನ್ನು ಕೇಳಿದಾಗ ಆಗುವ ಸಮಾಧಾನವೇ ಬೇರೆ.

ಆದರೆ ಮಂಗಳವಾರ ವಾರಕ್ಕೆ ಒಂದೇ ಬರುವುದು. ಆಸೆ ಹತ್ತುವುದು ಬುಧವಾರ ರಾತ್ರಿ, ಕೂಲಿ ಸಿಕ್ಕ ಶನಿವಾರ ಸಂಜೆ, ಊರ ಹಬ್ಬದ ದಿನ. ಆ ದಿನಗಳು ಯಾರ ಜವಾಬ್ದಾರಿ ಅಂತ ನಮ್ಮ ವ್ಯವಸ್ಥೆಯಲ್ಲಿ ಎಲ್ಲೂ ಬರೆದಿಲ್ಲ. ನನ್ನ ಅಭಿಪ್ರಾಯದಲ್ಲಿ ಅದು ನಮ್ಮದು, ಉಪಕೇಂದ್ರದವರದ್ದು. ಮನೋವೈದ್ಯರು ಔಷಧಿ ಶುರು ಮಾಡಲಿ, ಡೋಸ್ ನಿರ್ಧರಿಸಲಿ. ಆಮೇಲೆ ಆ ಹುಡುಗನ ಕೈ ಬಿಡದೆ ಹಿಡಿದುಕೊಂಡಿರುವ ಕೆಲಸಕ್ಕೆ ಎಂಡಿ ಡಿಗ್ರಿ ಬೇಡ. ಅವನ ಮನೆ ಗೊತ್ತಿರಬೇಕು, ತಾಯಿಯ ಫೋನ್ ನಂಬರ್ ಇರಬೇಕು, ಬಂದಾಗ ಮುಖ ಸಿಂಡರಿಸಬಾರದು.

ಮುಖ ಸಿಂಡರಿಸದೆ ಇರುವುದು ಅಷ್ಟು ಸುಲಭ ಅಲ್ಲ. ಈ ಹುಡುಗರು ಸುಳ್ಳು ಹೇಳುತ್ತಾರೆ. ಡ್ರೆಸಿಂಗ್ ರೂಮಿನಿಂದ ಸಿರಿಂಜು ಎತ್ತಿಕೊಂಡು ಹೋಗುತ್ತಾರೆ. ಅಜ್ಜಿಯ ಓಲೆ ಮಾರಿದವನು ಎದುರು ಕೂತು 'ನಾನು ಮುಟ್ಟೇ ಇಲ್ಲ ಸಿಸ್ಟರ್' ಎನ್ನುವಾಗ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತದೆ. ತರಬೇತಿಗಳಲ್ಲಿ 'ಸಹಾನುಭೂತಿಯಿಂದ ವರ್ತಿಸಿ' ಅಂತ ಸ್ಲೈಡ್ ತೋರಿಸುತ್ತಾರೆ. ಹೇಗೆ ಅಂತ ಹೇಳುವುದಿಲ್ಲ. ನನಗೆ ಉಪಯೋಗಕ್ಕೆ ಬಂದಿದ್ದು ಆಶಮ್ಮನ ರೀತಿ. ಅವರು ತೆಗೆದುಕೊಂಡೆಯಾ ಇಲ್ಲವಾ ಅಂತ ಕೇಳುವುದೇ ಇಲ್ಲ. 'ಊಟ ಆಯ್ತೇನಪ್ಪಾ, ನಿದ್ದೆ ಬಂತಾ' ಎನ್ನುತ್ತಾರೆ. ಆ ಪ್ರಶ್ನೆಗೆ ಸುಳ್ಳು ಹೇಳುವ ಅಗತ್ಯ ಇಲ್ಲ ನೋಡಿ. ಅಲ್ಲಿಂದ ಮಾತು ತಾನಾಗಿ ಹೋಗಬೇಕಾದ ಕಡೆ ಹೋಗುತ್ತದೆ.

ಇನ್ನು ಪೊಲೀಸರ ಹೆದರಿಕೆ. 'ಪುಸ್ತಕದಲ್ಲಿ ಬರೀಬೇಡಿ ಸಿಸ್ಟರ್' ಅಂತ ತಾಯಂದಿರು ಕೈಮುಗಿಯುತ್ತಾರೆ. ಹೆಸರು ಬರೆದರೆ ಸ್ಟೇಷನ್ನಿಗೆ ಹೋಗುತ್ತದೆ ಅಂತ ಅವರ ನಂಬಿಕೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ, ಬಳಸುವುದೂ ಅಪರಾಧವೇ. ಆದರೆ ಅದೇ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ ಇದೆ. ಬಳಕೆಗೋ, ಅಲ್ಪ ಪ್ರಮಾಣ ಇಟ್ಟುಕೊಂಡಿದ್ದಕ್ಕೋ ಕೇಸು ಬಿದ್ದ ವ್ಯಸನಿ ತಾನಾಗಿ ಸರ್ಕಾರ ಗುರುತಿಸಿದ ಕಡೆ ಚಿಕಿತ್ಸೆಗೆ ಒಪ್ಪಿದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಮದ್ಯ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಗಳನ್ನೂ ಕಾಯಿಲೆ ಅಂತಲೇ ಎಣಿಸುತ್ತದೆ. ರೋಗಿಯ ವಿಷಯ ಗುಟ್ಟಾಗಿಡಬೇಕು ಎನ್ನುತ್ತದೆ. ಇವೆರಡನ್ನೂ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಪ್ರತಿ ಪಿಎಚ್‌ಸಿ ಗೋಡೆಗೆ ಅಂಟಿಸಿದ್ದರೆ ಎಷ್ಟೋ ತಾಯಂದಿರು ಮೊದಲೇ ಬರುತ್ತಿದ್ದರು. ನಾವು ಅಂಟಿಸಿರುವುದು ತಲೆಬುರುಡೆ.

ಸುಮ್ನೆ ಅಂಗಡಿಯವರನ್ನು ಬೈದರೆ ಮುಗಿಯುತ್ತಾ? ನಮ್ಮ ಕಡೆ ಚೀಟಿ ಇಲ್ಲದೆ ಮಾತ್ರೆ ಕೊಡುವ ಅಂಗಡಿ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ನನಗೆ ಪರಿಚಯದ ಒಬ್ಬ ಮೆಡಿಕಲ್ ಶಾಪಿನವರು ಹೇಳಿದ್ದು ಬೇರೆ. ಇಲ್ಲ ಅಂದಿದ್ದಕ್ಕೆ ರಾತ್ರಿ ಅಂಗಡಿ ಶಟರಿಗೆ ಕಲ್ಲು ಬಿತ್ತಂತೆ. 'ಕೊಟ್ಟರೆ ಡ್ರಗ್ ಇನ್ಸ್‌ಪೆಕ್ಟರ್, ಕೊಡದಿದ್ದರೆ ಕಲ್ಲು. ನೀವೇ ಹೇಳಿ ಮೇಡಂ' ಎಂದರು. ಈಗ ಅವರು ಆ ಮಾತ್ರೆಯನ್ನು ತರಿಸುವುದನ್ನೇ ನಿಲ್ಲಿಸಿದ್ದಾರೆ. ಅದೂ ಪೂರ್ತಿ ಉತ್ತರ ಅಲ್ಲ. 2018ರಲ್ಲಿ ಟ್ರಾಮಡಾಲನ್ನು ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ತಂದರು. ಒಳ್ಳೆಯದೇ. ಹುಡುಗರು ಟಪೆಂಟಡಾಲ್ ಕಲಿತರು. 2025ರ ಫೆಬ್ರುವರಿಯಲ್ಲಿ ಟಪೆಂಟಡಾಲ್ ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಸೇರಿಸಿದ ಮಾತ್ರೆಗಳ ರಫ್ತಿಗೆ ಕೇಂದ್ರ ತಡೆ ಹಾಕಿತು. ಪಶ್ಚಿಮ ಆಫ್ರಿಕಾದ ಬೀದಿಗಳಲ್ಲಿ ನಮ್ಮ ದೇಶದ ಮಾತ್ರೆಗಳು ಏನು ಮಾಡುತ್ತಿವೆ ಅಂತ ಬಿಬಿಸಿ ತೋರಿಸಿದ ಮೇಲೆ. ನಮ್ಮ ಬೀದಿ ನೋಡಲು ಬಿಬಿಸಿ ಬರಬೇಕೇನೋ.

ಅಮೆರಿಕದಲ್ಲಿ ಇದು ದೊಡ್ಡದಾಗಿ ನಡೆದುಹೋಗಿದೆ. 1996ರಲ್ಲಿ ಆಕ್ಸಿಕಾಂಟಿನ್ ಅನ್ನುವ ಒಪಿಯಾಯ್ಡ್ ನೋವಿನ ಮಾತ್ರೆ ಮಾರುಕಟ್ಟೆಗೆ ಬಂತು. ಚಟ ಹತ್ತುವುದು ಅಪರೂಪ ಅಂತ ಕಂಪನಿ ಹೇಳಿತು, ಡಾಕ್ಟರುಗಳು ಬರೆದರು. ಮಾತ್ರೆ ಬಿಗಿ ಮಾಡಿದಾಗ ಎಷ್ಟೋ ಜನ ಹೆರಾಯಿನ್‌ಗೆ ಹೋದರು, ಆಮೇಲೆ ಅದಕ್ಕಿಂತ ಜೋರಾದ ಒಪಿಯಾಯ್ಡ್ ಫೆಂಟನಿಲ್ ಬಂತು. 2021ರಿಂದ ಕೆಲವು ವರ್ಷ ಡ್ರಗ್ ಓವರ್‌ಡೋಸಿನಿಂದಲೇ ವರ್ಷಕ್ಕೆ ಲಕ್ಷ ಮೀರಿ ಜನ ಸತ್ತರು. ನಮ್ಮ ಕಥೆ ಬೇರೆ, ಇಲ್ಲಿ ಡಾಕ್ಟರ ಚೀಟಿಗಿಂತ ಚೀಟಿ ಇಲ್ಲದ ಕೌಂಟರ್ ದೊಡ್ಡ ಬಾಗಿಲು. ಆದರೆ ಅವರು ತಡವಾಗಿ ಮಾಡಿದ ಒಂದು ಕೆಲಸ ನನಗೆ ಬೇಕು. ಬ್ಯುಪ್ರೆನಾರ್ಫಿನ್ ಜೊತೆ ಬಂದ ನಾಲೊಕ್ಸೋನ್ ಹೆಸರು ಮೇಲೆ ಹೇಳಿದೆನಲ್ಲ, ಅದನ್ನೇ ಒಂದೇ ಕೊಟ್ಟರೆ ನಿಂತುಹೋಗುತ್ತಿರುವ ಉಸಿರು ನಿಮಿಷಗಳಲ್ಲಿ ಮರಳುತ್ತದೆ. ಒಪಿಯಾಯ್ಡನ್ನು ಅದು ಕೂತ ಜಾಗದಿಂದ ಎಬ್ಬಿಸಿಬಿಡುತ್ತದೆ. 2023ರಲ್ಲಿ ಅಲ್ಲಿ ಅದರ ಮೂಗಿನ ಸ್ಪ್ರೇಯನ್ನು ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಳ್ಳಬಹುದು ಅಂತ ಮಾಡಿದರು. ಲೈಬ್ರರಿಯಲ್ಲೂ ಇಟ್ಟರು. ನಮ್ಮಲ್ಲಿ ಅದು ಹೆಚ್ಚಾಗಿ ಇಂಜೆಕ್ಷನ್, ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಇರುತ್ತದೆ. ಪಂಪ್‌ಹೌಸಿನಲ್ಲಿ ಬಿದ್ದವನು ಅಲ್ಲಿಯವರೆಗೆ ಉಸಿರಾಡುತ್ತಿರಬೇಕಲ್ಲ.

ಹಾಗಂತ ಈ ಗುಂಪಿನ ಔಷಧಿಗಳನ್ನೆಲ್ಲ ರಾಕ್ಷಸ ಅಂತ ಸಾರುವವರ ಜೊತೆ ನಾನಿಲ್ಲ. ನಮ್ಮದೇ ವ್ಯಾಪ್ತಿಯ ಒಂದು ಹಳ್ಳಿಯಲ್ಲಿ ಬಾಯಿ ಕ್ಯಾನ್ಸರಿನ ಅಜ್ಜಿ ಒಬ್ಬರಿದ್ದರು. ಎಲೆ ಅಡಿಕೆ, ಹೊಗೆಸೊಪ್ಪು. ಬೆಂಗಳೂರಿನಲ್ಲಿ ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಮಾರ್ಫಿನ್ ಮಾತ್ರೆ ಬರೆದಿದ್ದರು. ತಂದದ್ದು ಮುಗಿದ ಮೇಲೆ ಕೋಲಾರದಲ್ಲಿ ಹುಡುಕಿದರೆ ಎಲ್ಲೂ ಇಲ್ಲ. ಕೇಳಿದ ಮಗನನ್ನೇ ಒಂದು ಅಂಗಡಿಯಲ್ಲಿ ಅನುಮಾನದಿಂದ ನೋಡಿದರಂತೆ. ಅಜ್ಜಿಯ ಕೂಗು ರಾತ್ರಿ ಬೀದಿಯ ಆ ತುದಿಗೆ ಕೇಳುತ್ತಿತ್ತು. 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆ ತಿದ್ದಿ, ಮಾರ್ಫಿನ್‌ನಂಥ ಅಗತ್ಯ ಔಷಧಿಗಳಿಗೆ ಹಲವು ಲೈಸೆನ್ಸ್ ಬೇಡ, ಒಂದೇ ಸಾಕು ಅಂತ ಸುಲಭ ಮಾಡಿದರು. ಕಾಗದದಲ್ಲಿ ಸುಲಭವಾದದ್ದು ನಮ್ಮ ತನಕ ಬಂದಿಲ್ಲ. ಒಂದೇ ಬೀದಿಯಲ್ಲಿ, ಬೇಡದವನಿಗೆ ಒಪಿಯಾಯ್ಡ್ ಸಂಜೆ ಏಳಕ್ಕೆ ಸಿಗುತ್ತದೆ, ಬೇಕಾದ ಅಜ್ಜಿಗೆ ಸಿಗುವುದಿಲ್ಲ. ಜಾಥಾದಲ್ಲಿ ಹೆದರಿಸಿದಷ್ಟೂ ಇದು ಜಾಸ್ತಿಯಾಗುತ್ತದೆ. ಹೆದರುವುದು ಕಾನೂನು ಪಾಲಿಸುವವರು ಮಾತ್ರ ಅಲ್ವಾ.

ನಮ್ಮ ಉಪಕೇಂದ್ರದಲ್ಲಿ ಈಗ ನಡೆಯುತ್ತಿರುವುದು ದೊಡ್ಡದೇನಲ್ಲ. ಬಿಪಿ ಶುಗರ್ ರಿಜಿಸ್ಟರಿನ ಹಿಂದಿನ ಪುಟದಲ್ಲಿ ಒಂದು ಪಟ್ಟಿ ಇದೆ, ಹೆಸರಿನ ಬದಲು ನಂಬರು. ಆ ಪುಟ ಬೀರುವಿನಲ್ಲಿ, ಬೀಗದ ಕೈ ನನ್ನ ಹತ್ತಿರ. ಸೂಜಿ ಹಾಕಿಕೊಂಡವರನ್ನು ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಗೆ ಕಳಿಸುತ್ತೇವೆ. ಗಾಯಕ್ಕೆ ಬಂದವನಿಗೆ ಬೈಗುಳ ಇಲ್ಲ ಅನ್ನುವ ಸುದ್ದಿ ಹೇಗೋ ಹರಡಿದೆ, ಬೇರೆ ಊರಿನಿಂದಲೂ ಸಂಜೆ ಹೊತ್ತಿಗೆ ಬರುತ್ತಾರೆ. ಮನೆಯವರಿಗೆ ಹೇಳಿಕೊಡುತ್ತೇವೆ. ಪಾಪೆ ಸೂಜಿಮೊನೆಯಷ್ಟಾಗಿ, ಗೊರಗೊರ ಸದ್ದು ಬಂದು, ತುಟಿ ನೀಲಿಯಾಗಿ, ಅಲುಗಿಸಿದರೆ ಏಳದಿದ್ದರೆ ಮಲಗಿದ್ದಾನೆ ಅಂತ ಬಿಡಬೇಡಿ. ಮೊದಲು 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಕೊಡಿ. ಮೊಸರು ಕುಡಿಸುವುದು, ನಿಂಬೆಹಣ್ಣು ತಲೆಗೆ ತಿಕ್ಕುವುದು ಬೇಡ.

ಮೂಲೆ ಮನೆಯ ಹುಡುಗ ಈಗ ಬ್ಯುಪ್ರೆನಾರ್ಫಿನ್ ಮೇಲಿದ್ದಾನೆ. ನಡುವೆ ಒಮ್ಮೆ ತಪ್ಪಿದ, ಮತ್ತೆ ಹಿಡಿದ. ಮಾತ್ರೆ ಸ್ಟ್ರಿಪ್ ತಾಯಿಯ ಹತ್ತಿರ ಇರುತ್ತದೆ. ದಿನಾ ಅವನು ಅದನ್ನು ಅವರೆದುರೇ ನಾಲಿಗೆ ಕೆಳಗೆ ಇಟ್ಟುಕೊಳ್ಳಬೇಕು. ಕರಗುವ ತನಕ ಇಬ್ಬರೂ ಮಾತಾಡುವ ಹಾಗಿಲ್ಲ. ದಿನದಲ್ಲಿ ನಾವು ಜಗಳ ಆಡದ ಹೊತ್ತು ಅದೊಂದೇ ಸಿಸ್ಟರ್ ಅಂತ ಅವರು ನಕ್ಕರು. ಎಷ್ಟು ದಿನ ತೆಗೆದುಕೊಳ್ಳಬೇಕು ಅಂತ ಕೇಳುತ್ತಾರೆ. ಬೇಗ ನಿಲ್ಲಿಸುವವರೇ ಜಾಸ್ತಿ ಬೀಳುತ್ತಾರೆ, ಡಾಕ್ಟರು ಹೇಳುವ ತನಕ, ಬಹುಶಃ ವರ್ಷಗಳು ಅಂತ ಹೇಳಿದ್ದೇನೆ. ಅವನಿಗೆ ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ, ಶಿಫ್ಟು. ಬೆಂಗಳೂರಿನ ಓಪಿಡಿ ದಿನಕ್ಕೂ ಅವನ ರಜಕ್ಕೂ ಹೊಂದುತ್ತಿಲ್ಲ. ನಮ್ಮ ಕೇಂದ್ರದಿಂದ ಇ-ಸಂಜೀವಿನಿ ವಿಡಿಯೋದಲ್ಲಿ ಡಾಕ್ಟರಿಗೆ ತೋರಿಸಿ, ಔಷಧಿ ಮಾತ್ರ ತಾಲೂಕು ಆಸ್ಪತ್ರೆಯಿಂದ ಸಿಗುವ ಹಾಗೆ ಮಾಡಲು ಆಗುತ್ತದಾ ಅಂತ ತಿಂಗಳ ಸಭೆಯಲ್ಲಿ ಕೇಳಿದೆ. ನೋಡೋಣ ಎಂದರು. ನಮ್ಮ ಇಲಾಖೆಯಲ್ಲಿ 'ಆಗಲ್ಲ' ಅಂದಿಲ್ಲ ಅಂದರೆ ಅರ್ಧ ಆದ ಹಾಗೆ.

ಅದೇ ಸಭೆಯಲ್ಲಿ ಇನ್ನೊಂದು ಕೇಳಿದೆ. ಪಿಎಚ್‌ಸಿಯ ಎಮರ್ಜೆನ್ಸಿ ಟ್ರೇಯಲ್ಲಿ ನಾಲೊಕ್ಸೋನ್ ಆಂಪೂಲ್ ಇಡಬೇಕು ಅಂತ. ನಮ್ಮ ವೈದ್ಯಾಧಿಕಾರಿ ಒಪ್ಪಿ ಇಂಡೆಂಟಿಗೆ ಸಹಿ ಹಾಕಿದರು. ಔಷಧಿ ಉಗ್ರಾಣದಿಂದ ಒಮ್ಮೆ ಫೋನ್ ಬಂತು, ಇದು ಹಳ್ಳಿ ಪಿಎಚ್‌ಸಿಗೆ ಯಾಕೆ ಅಂತ. ಹೇಳಿದೆ. ಬರವಣಿಗೆಯಲ್ಲಿ ಕೊಡಿ ಎಂದರು. ನಿನ್ನೆ ಬರೆದು ಕಳಿಸಿದ್ದೇನೆ, ಎರಡು ಪುಟ ಆಯಿತು.